ಎಣ್ಣೆ ಬಿಟ್ಟರೂ ಇಳಿಯದ ರಕ್ತದ ಕೊಬ್ಬು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ವಯಸ್ಸು 43. ತೂಕ 76 ಕಿಲೋ, ಸೊಂಟದ ಸುತ್ತಳತೆ 98 ಸೆಂ.ಮೀ. (ನಮ್ಮ ಗಂಡಸರಿಗೆ 90 ದಾಟಬಾರದು). ಖಾಲಿ ಹೊಟ್ಟೆಯ ಸಕ್ಕರೆ 114, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 268, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 33, ಸೂಕ್ಷ್ಮ ಸಿಆರ್‌ಪಿ (ಮೈಯೊಳಗಿನ ಉರಿಯೂತದ ಅಳತೆ) 4.8. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ.

“ಎಣ್ಣೆ ಪೂರ್ತಿ ಬಿಟ್ಟೀನಿ ಮೇಡಂ, ಬೆಣ್ಣೆದೋಸೆ ಮುಟ್ಟಿ ಆರು ತಿಂಗಳಾತು. ಆದ್ರೂ ಕೊಬ್ಬು ಹೆಂಗೆ ಏರ್ತು?”

ದಿನಚರಿ ಬಿಡಿಸಿ ಕೇಳಿದಾಗ ಉತ್ತರ ಸಿಕ್ಕಿತು. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಹೆಚ್ಚುಕಡಿಮೆ 50 ಗ್ರಾಂ. ಸಂಜೆ ಮಿರ್ಚಿ ಬಿಟ್ಟು ಎರಡು ತಟ್ಟೆ ಬರೀ ಮಂಡಕ್ಕಿ. ರಾತ್ರಿ ಹತ್ತಕ್ಕೆ ಎರಡು ಸಲ ಬಡಿಸಿಕೊಂಡ ಅನ್ನ, ಕೂಡಲೇ ಹಾಸಿಗೆ. ಮಂಡಕ್ಕಿ ಹಗುರ ನಿಜ, ಆದರೆ ಅದೂ ಅಕ್ಕಿಯೇ. ಬೇಗ ಕರಗಿ ಸಕ್ಕರೆಯನ್ನು ಥಟ್ಟನೆ ಏರಿಸುತ್ತದೆ. ಟ್ರೈಗ್ಲಿಸರೈಡ್ ತಿಂದ ಎಣ್ಣೆಯಿಂದಷ್ಟೇ ಬರುವುದಿಲ್ಲ. ಖರ್ಚಾಗದೆ ಮಿಕ್ಕ ಸಕ್ಕರೆ, ಪಿಷ್ಟವನ್ನು ಯಕೃತ್ತು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಇದನ್ನು ಇವರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಅಳತೆ ಮೀರಿ ಉಬ್ಬಿದಾಗ ಅವುಗಳ ಸುತ್ತ ರಕ್ಷಣಾ ಕೋಶಗಳು ಮುತ್ತಿಕೊಂಡು ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ರಾಸಾಯನಿಕ ಸುರಿಸುತ್ತವೆ. ಜ್ವರವಿಲ್ಲ, ನೋವಿಲ್ಲ, ಒಳಗೊಳಗೇ ನಡೆಯುವ ಉರಿಯೂತ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಹೆಚ್ಚಿರುವುದು, ಅದನ್ನು ತಡೆದರೆ ಇನ್ಸುಲಿನ್ (ರಕ್ತದ ಸಕ್ಕರೆಯನ್ನು ಕೋಶಗಳೊಳಗೆ ಸೇರಿಸುವ ಹಾರ್ಮೋನ್) ಚೆನ್ನಾಗಿ ಕೆಲಸ ಮಾಡುವುದು 1993ರಲ್ಲೇ ಗೊತ್ತಾಯಿತು. ಜೊತೆಗೆ ಹೊಟ್ಟೆಯ ಕೊಬ್ಬಿನಿಂದ ಸೋರಿದ ಕೊಬ್ಬಿನಾಮ್ಲ ಯಕೃತ್ತು, ಸ್ನಾಯುಗಳಲ್ಲಿ ಕೂತು ಇನ್ಸುಲಿನ್ ಮಾತನ್ನು ಕೇಳಗೊಡುವುದಿಲ್ಲ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಯಕೃತ್ತು ಇನ್ನಷ್ಟು ಕೊಬ್ಬು ಮಾಡುತ್ತದೆ.

ಕೊಟ್ಟ ಸಲಹೆ: ಟೀ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಚಮಚ, ಬೆಲ್ಲ ಹಾಕಿದರೂ ಲೆಕ್ಕ ಅದೇ. ಮಂಡಕ್ಕಿ ವಾರಕ್ಕೊಮ್ಮೆ, ಒಂದು ಹಿಡಿ, ಹುರಿಗಡಲೆ ಈರುಳ್ಳಿ ಜಾಸ್ತಿ. ಉಳಿದ ದಿನ ಹೆಸರುಕಾಳಿನ ಉಸಳಿ. ರಾತ್ರಿ ಎಂಟರೊಳಗೆ ಊಟ: ಮೊದಲು ಪಲ್ಯ, ಕಾಳು, ಆಮೇಲೆ ಒಂದು ಜೋಳದ ರೊಟ್ಟಿ, ಸ್ವಲ್ಪ ಅನ್ನ. ಎಣ್ಣೆ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ ಮೂರು ಚಮಚ ಸಾಕು. ಊಟವಾದ ಮೇಲೆ 15 ನಿಮಿಷ ನಡಿಗೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಇದಲ್ಲದೆ ಬೆಳಗ್ಗೆ 30 ನಿಮಿಷ ಬಿರುಸು ನಡಿಗೆ. ಗುರಿ ನಾಲ್ಕರಿಂದ ಐದು ಕಿಲೋ ಇಳಿಕೆ.

ಸಿಆರ್‌ಪಿ ಬಗ್ಗೆ ಒಂದು ಎಚ್ಚರಿಕೆ. ಶೀತ, ಜ್ವರ, ಹುಣ್ಣು, ವಸಡಿನ ಬಾವು ಯಾವುದಿದ್ದರೂ ಅದು ಏರುತ್ತದೆ. ಮೈ ಹುಷಾರಾದ ಎರಡು ವಾರದ ಮೇಲೆ ಮತ್ತೆ ನೋಡಬೇಕು. ಇವರಿಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು, ಬಾಯಲ್ಲಿ ಗುಟ್ಕಾ ಬೇರೆ. ಹಲ್ಲಿನ ಡಾಕ್ಟರ ಹತ್ತಿರ ಕಳಿಸಲಾಯಿತು. ಸಿಆರ್‌ಪಿ ಇಳಿಸಲೆಂದು ಅರಿಶಿನದ ಮಾತ್ರೆ ನುಂಗುವುದು ಬೇಡವೆಂದೂ, ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಗೇ ಅಪಾಯ, ಆಗ ತಡಮಾಡದೆ ವೈದ್ಯರನ್ನು ಕಾಣಬೇಕೆಂದೂ ತಿಳಿಸಲಾಯಿತು.

ಮೂರು ತಿಂಗಳಿಗೆ ತೂಕ 72, ಟ್ರೈಗ್ಲಿಸರೈಡ್ 171, ಎಚ್‌ಬಿಎ1ಸಿ 5.8, ಸಿಆರ್‌ಪಿ 2.2. ಎಚ್‌ಡಿಎಲ್ 35ಕ್ಕಷ್ಟೇ ಬಂದಿದೆ, ಅದು ನಿಧಾನ. ಗುಟ್ಕಾ ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿ ಅದಕ್ಕೇ ಮೀಸಲು.