ಗಂಗಾವತಿಯಿಂದ ಹಿಮನದಿಗೆ, ಮನೆಯಂಥ ವ್ಯಾನಿನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರಿಗೆ 62 ವರ್ಷ, ಬಿ.ಪಿ.ಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಸ್ವಂತ ವ್ಯಾನಿನ ಹಿಂಭಾಗದಲ್ಲಿ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂಡಿಸಿಕೊಂಡು ಅದನ್ನು ಕ್ಯಾಂಪರ್‌ವ್ಯಾನ್ ಮಾಡಿಕೊಂಡಿದ್ದೇವೆ. ಒಂದು ಹಿಮನದಿಯನ್ನು ಕಣ್ಣಾರೆ ನೋಡಬೇಕೆಂಬುದು ಇಬ್ಬರ ಬಹುದಿನದ ಆಸೆ. ದೂರ ನಡೆಯುವುದು ನಮ್ಮಿಂದಾಗದು. ಗಾಡಿ ಓಡಿಸುವವರು ಅವರೊಬ್ಬರೇ. ರಸ್ತೆಯಿಂದಲೇ ಕಾಣುವ ಹಿಮನದಿ ಇದೆಯೇ? ಎಷ್ಟು ದಿನ ಬೇಕು?
– ಓದುಗರು, ಗಂಗಾವತಿ

ಉತ್ತರ: ಇದೆ. ನಮ್ಮ ಕಡೆಯವರಿಗೆ ಹಿಮನದಿ ಎಂದೊಡನೆ ನೆನಪಾಗುವುದು ಗೋಮುಖ. ಆದರೆ ನಿಮ್ಮ ವ್ಯಾನು ಗಂಗೋತ್ರಿಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ಅನುಮತಿ ಪಡೆದು ಸುಮಾರು 18 ಕಿ.ಮೀ. ನಡೆಯಬೇಕು. ನೀವು ನೋಡಬೇಕಾದದ್ದು ಲಡಾಖಿನ ಝನ್‌ಸ್ಕಾರ್ ಪ್ರದೇಶದ ದ್ರಂಗ್‌ದ್ರುಂಗ್. ಕಾರ್ಗಿಲ್‌ನಿಂದ ಸುರು ಕಣಿವೆಯ ಮೂಲಕ ಪದುಮ್‌ಗೆ ಹೋಗುವ ರಸ್ತೆಯು ಸುಮಾರು 4400 ಮೀಟರ್ ಎತ್ತರದ ಪೆನ್ಸಿ ಲಾ ಎಂಬ ಕಣಿವೆದಾರಿಯನ್ನು ದಾಟುತ್ತದೆ. ದಾಟಿ ಝನ್‌ಸ್ಕಾರ್ ಕಡೆಗೆ ತುಸು ಇಳಿಯುವಷ್ಟರಲ್ಲಿ, ಬೆಟ್ಟಗಳ ನಡುವಿನಿಂದ ಬಾಗಿ ಇಳಿದು ಬರುವ 23 ಕಿ.ಮೀ.ಯಷ್ಟು ಉದ್ದದ ಆ ಮಂಜುಗಡ್ಡೆಯ ನದಿ ಗಾಡಿಯ ಕಿಟಕಿಯಿಂದಲೇ ಕಾಣುತ್ತದೆ. ಸ್ತೋದ್ ನದಿ ಹುಟ್ಟುವುದು ಅದರಿಂದಲೇ. ದಾರಿಯಲ್ಲಿ ಪರ್ಕಾಚಿಕ್ ಎಂಬ ಇನ್ನೊಂದು ಹಿಮನದಿಯೂ ರಸ್ತೆಯಿಂದ ಕಾಣುತ್ತದೆ.

ನಾನೂ ನನ್ನ ಹೆಂಡತಿಯೂ ಅಲ್ಲಿ ಒಂದು ಬೆಳಗಿನ ಹೊತ್ತೆಲ್ಲ ಕುಳಿತಿದ್ದೆವು. ಹಿಮನದಿ ಎಂದರೆ ಹಾಲಿನಷ್ಟು ಬಿಳುಪು ಎಂದುಕೊಂಡು ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಉದ್ದಕ್ಕೂ ಎಳೆದಂತಿರುವ ಕಪ್ಪು ಪಟ್ಟೆಗಳು: ಇಕ್ಕೆಲದ ಬೆಟ್ಟಗಳಿಂದ ಉದುರಿ ಮಂಜಿನ ಮೇಲೇರಿದ ಕಲ್ಲುಮಣ್ಣು ಅದು. ಆನೆಗೊಂದಿಯ ಬಂಡೆಗಳ ನಡುವೆ ಬೆಳೆದ ನಿಮಗೆ ಈ ಕಲ್ಲುಗಳಲ್ಲಿ ವಿಶೇಷ ಆಸಕ್ತಿ ಹುಟ್ಟಬಹುದು. ನಮ್ಮ ಗುಂಡುಗಳು ಎಲ್ಲಿಂದಲೋ ಬಂದವಲ್ಲ. ಒಂದೇ ಗ್ರಾನೈಟ್ ಬೆಟ್ಟ ಬಿಸಿಲುಮಳೆಗೆ ಸವೆದು, ಸೀಳಿ, ನಿಂತಲ್ಲೇ ಗುಂಡಾದದ್ದು. ಅಲ್ಲಿನ ಬಂಡೆಗಳನ್ನಾದರೋ ಮಂಜು ಹೊತ್ತು ತಂದು, ಕರಗಿದ ಜಾಗದಲ್ಲಿ ಇಳಿಸಿ ಹೋಗಿರುತ್ತದೆ. ಮಂಜಿನಡಿ ಸಿಕ್ಕ ಕಲ್ಲು ಬೀಸುಕಲ್ಲಿಗೆ ಸಿಕ್ಕ ಜೋಳದಂತೆ ನುಣ್ಣಗಾಗುತ್ತದೆ. ಕೆಳಗೆ ಹರಿಯುವ ನೀರು ಬೂದು ಬಣ್ಣದ ಮಜ್ಜಿಗೆಯಂತೆ ಕಾಣುವುದು ಆ ಹಿಟ್ಟಿನಿಂದ. ಒಂದು ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟು ನೋಡಿ, ತಳದಲ್ಲಿ ಕೂರುತ್ತದೆ.

ಇನ್ನು ಎಚ್ಚರಿಕೆಯ ಮಾತು. ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚಿನ ದೂರ ನಿಮ್ಮನ್ನು ದಣಿಸಬಹುದು, ಆದರೆ ಅಪಾಯವಿರುವುದು ಎತ್ತರದಲ್ಲಿ. ಗಂಗಾವತಿ ಇರುವುದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲೆ. ಪೆನ್ಸಿ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ನಮ್ಮ ಮೊದಲ ಪ್ರವಾಸದಲ್ಲಿ ಮನಾಲಿಯಿಂದ ಹೊರಟು ಅದೇ ದಿನ 4200 ಮೀಟರಿಗೂ ಎತ್ತರದ ಸರ್ಚುವಿನಲ್ಲಿ ಮಲಗಿದೆವು. ನಡುರಾತ್ರಿ ನನ್ನವಳಿಗೆ ತಲೆ ಸಿಡಿಯುವಂಥ ನೋವು, ವಾಂತಿ. ಕತ್ತಲಲ್ಲಿ ಆ ದಾರಿ ಇಳಿಯುವ ಧೈರ್ಯ ನನಗಾಗಲಿಲ್ಲ; ಬೆಳಗಾಗುವವರೆಗೆ ಅವಳ ಉಸಿರು ಎಣಿಸುತ್ತ ಕುಳಿತೆ. ಬೆಳಗ್ಗೆ ಜಿಸ್ಪಾದವರೆಗೆ, ಅಂದರೆ ಸಾವಿರ ಮೀಟರಿನಷ್ಟು ಕೆಳಗೆ ಇಳಿದ ಮೇಲೆ ಅವಳು ಎದ್ದು ಚಹಾ ಕೇಳಿದಳು. ಆ ರಾತ್ರಿ ನಿಮಗೆ ಬರಬಾರದು.

ಆದ್ದರಿಂದ ಶ್ರೀನಗರದ ಕಡೆಯಿಂದ ಹೋಗಿ. ಶ್ರೀನಗರ 1600 ಮೀಟರಿಗಿಂತ ತುಸು ಕೆಳಗಿದೆ. 3528 ಮೀಟರಿನ ಝೋಜಿ ಲಾ ಕಣಿವೆದಾರಿಯನ್ನು ಹಗಲಲ್ಲಿ ಏರಿ ಇಳಿದರೆ ರಾತ್ರಿ ಮಲಗುವುದು 2700 ಮೀಟರಿನ ಆಸುಪಾಸಿನ ಕಾರ್ಗಿಲ್‌ನಲ್ಲಿ. ಶ್ರೀನಗರದಲ್ಲಿ ಎರಡು ರಾತ್ರಿ, ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಸುರು ಕಣಿವೆಯ ಪಾನಿಖರ್‌ನಲ್ಲಿ ಎರಡು ರಾತ್ರಿ, ಪರ್ಕಾಚಿಕ್ ಹಳ್ಳಿಯಲ್ಲಿ ಒಂದು ರಾತ್ರಿ, ರಂಗ್ದುಮ್‌ನಲ್ಲಿ ಒಂದು ರಾತ್ರಿ ಕಳೆಯಿರಿ. ಮರುದಿನ ಬೆಳಗ್ಗೆ ಪೆನ್ಸಿ ಲಾ ನೋಡಿಕೊಂಡು ಅದೇ ದಿನ ಕೆಳಗಿಳಿದುಬಿಡಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರು ಹೇಳುವ ಲೆಕ್ಕ. ತಲೆನೋವು ಬಂದರೆ ಇದ್ದಲ್ಲೇ ಉಳಿಯಿರಿ. ಕುಳಿತಿದ್ದರೂ ಏದುಸಿರು ಬಂದರೆ, ಅಥವಾ ನಡಿಗೆ ತೂರಾಡಿದರೆ, ಹೊತ್ತು ನೋಡದೆ ಇಳಿಯಿರಿ. ಯಜಮಾನರ ಬಿ.ಪಿ. ಹತೋಟಿಯಲ್ಲಿದೆಯೇ ಎಂದು ಹೊರಡುವ ಮೊದಲು ವೈದ್ಯರಲ್ಲಿ ತೋರಿಸಿ. ಎತ್ತರದ ಕಾಯಿಲೆ ಬಾರದಂತೆ ಕೊಡುವ ಡೈಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಸಲ್ಫಾ ಔಷಧ ಒಗ್ಗದಿದ್ದರೆ ಅದನ್ನೂ ಹೇಳಿ.

ಇಲ್ಲೇ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಕಾಡಿತು: ಗಾಡಿ ಓಡಿಸುವವರು ಅವರೊಬ್ಬರೇ. ಅಮ್ಮಾ, ಅವರಿಗೇ ಎತ್ತರದ ಕಾಯಿಲೆ ಬಂದರೆ ನಿಮ್ಮಿಬ್ಬರನ್ನು ಕೆಳಗಿಳಿಸುವವರು ಯಾರು? ಆ ರಸ್ತೆಯಲ್ಲಿ ಗಂಟೆಗಟ್ಟಲೆ ಇನ್ನೊಂದು ಗಾಡಿ ಕಾಣದಿರಬಹುದು. ಪ್ರವಾಸವನ್ನು ಒಂದು ವರ್ಷ ಮುಂದೂಡಿದರೂ ಚಿಂತೆಯಿಲ್ಲ, ನೀವು ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆಯಿರಿ. ಖಾಲಿ ಮೈದಾನದಲ್ಲಲ್ಲ, ಇದೇ ವ್ಯಾನನ್ನು ಅಂಜನಾದ್ರಿಯ ಕಡೆಯ ರಸ್ತೆಯಲ್ಲಿ, ಸಂಡೂರಿನ ಘಾಟಿಯಲ್ಲಿ ಓಡಿಸಿ ಕೈ ಕುದುರಿಸಿಕೊಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರದೆ ಕೆಳ ಗೇರಿನಲ್ಲಿ ಇಳಿಸುವುದು ಇಬ್ಬರಿಗೂ ರೂಢಿಯಾಗಿರಬೇಕು.

ವ್ಯಾನಿನ ಒಳಗೆ ಗ್ಯಾಸ್ ಒಲೆ ಹಚ್ಚಿ ಬೆಚ್ಚಗಾಗಲು ಹೋಗಬೇಡಿ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ತುಂಬಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿಗೆ ಕಂಬಳಿಯೇ ಸರಿ. ಅಡುಗೆಗೆ ಬಾಗಿಲು ತೆರೆದಿಡಿ. ಪೆನ್ಸಿ ಲಾದಷ್ಟು ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಬೇಳೆ ಎಷ್ಟು ಹೊತ್ತಾದರೂ ಬೇಯದು, ಕುಕ್ಕರ್ ಇಲ್ಲದೆ ಹೋಗಬೇಡಿ. ಚಳಿಗೆ ಸಿಲಿಂಡರಿನ ಗ್ಯಾಸ್ ಕೂಡ ಬೆಳಗಿನ ಹೊತ್ತು ಸರಿಯಾಗಿ ಬರುವುದಿಲ್ಲ. ನಮ್ಮನ್ನು ಕಾಪಾಡಿದ್ದು ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅಲ್ಲಿನ ಒಣ ಹವೆಯಲ್ಲಿ ರೊಟ್ಟಿ ಕೊನೆಯ ದಿನದವರೆಗೂ ಮೊದಲ ದಿನದಷ್ಟೇ ಗರಿಗರಿಯಾಗಿತ್ತು.

ಹೋಗಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲ ಒಳ್ಳೆಯದು. ಜೂನ್‌ನಲ್ಲಿ ಹೋದರೆ ಹಳೆಯ ಹಿಮ ಮುಚ್ಚಿಕೊಂಡು ಮಂಜುಗಡ್ಡೆಯೂ ಪಟ್ಟೆಗಳೂ ಕಾಣದೆ ಹೋಗಬಹುದು. ವ್ಯಾನಿನ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿ, ವಿಮಾ ಕಂಪನಿಗೂ ತಿಳಿಸಿ. ಒಟ್ಟು ಒಂದು ತಿಂಗಳು ಇಟ್ಟುಕೊಳ್ಳಿ.

ಪ್ರಶ್ನೆ: ಹಿಮಾಲಯದ ಹಳ್ಳಗಳನ್ನು ಬೆಳಗ್ಗೆಯೇ ದಾಟಬೇಕು ಎನ್ನುತ್ತಾರೆ. ಮಳೆಯೇ ಇಲ್ಲದ ದಿನವೂ ಹೀಗೇಕೆ? ಹಿಮನದಿಯ ಮೇಲೆ ಕಾಲಿಡಬಹುದೇ?
– ಓದುಗರು, ರಾಯಚೂರು

ಉತ್ತರ: ನಮ್ಮ ಹಳ್ಳ ಮಳೆಗೆ ಬರುತ್ತದೆ, ಅಲ್ಲಿನದು ಬಿಸಿಲಿಗೆ ಬರುತ್ತದೆ. ರಾತ್ರಿಯ ಚಳಿಗೆ ಕರಗುವುದು ಕಡಿಮೆಯಾಗಿ ಬೆಳಗ್ಗೆ ಮೊಣಕಾಲಿಗಿಂತ ಕೆಳಗಿದ್ದ ನೀರು, ಹಗಲಿಡೀ ಮಂಜು ಕರಗಿದ್ದರಿಂದ ಮಧ್ಯಾಹ್ನ ಕಳೆಯುವಷ್ಟರಲ್ಲಿ ಗಾಡಿಯನ್ನು ಎಳೆದೊಯ್ಯುವಷ್ಟಾಗಬಹುದು. ರಾಯಚೂರಿನಲ್ಲಿ ಕೃಷ್ಣೆ ಬೇಸಿಗೆಗೆ ಬತ್ತಿದರೆ, ಅಲ್ಲಿನ ನದಿಗಳು ಬೇಸಿಗೆಯಲ್ಲೇ ತುಂಬುವುದೂ ಇದೇ ಕಾರಣಕ್ಕೆ. ಮಧ್ಯಾಹ್ನ ತಲುಪಿದ್ದರೆ ಈಚೆ ದಡದಲ್ಲೇ ವ್ಯಾನ್ ನಿಲ್ಲಿಸಿ ಮಲಗಿ. ಆದರೆ ನೀರಿನ ಅಂಚಿನಲ್ಲಿ ಬೇಡ, ಎತ್ತರದ ನೆಲ ನೋಡಿಕೊಳ್ಳಿ.

ಮೇಲೆ ಕಾಲಿಡುವುದು ಖಂಡಿತ ಬೇಡ. ಮಂಜಿನಲ್ಲಿ ಆಳವಾದ ಬಿರುಕುಗಳಿರುತ್ತವೆ. ತೆಳು ಹಿಮ ಅವುಗಳ ಬಾಯಿ ಮುಚ್ಚಿರುವುದರಿಂದ, ಹಗ್ಗ ಕಟ್ಟಿಕೊಂಡು ನಡೆಯಬಲ್ಲ ಮಾರ್ಗದರ್ಶಿಯಿಲ್ಲದವರಿಗೆ ಅವು ಕಾಣುವುದೇ ಇಲ್ಲ. ಹಿಮನದಿಯ ತುದಿಯ ಹತ್ತಿರವೂ ಹೋಗಬೇಡಿ. ಬಿಸಿಲೇರಿದಂತೆ ಅಲ್ಲಿ ಮಂಜಿಗೆ ಅಂಟಿದ ಕಲ್ಲುಗಳು ಒಂದೊಂದಾಗಿ ಸಡಿಲಗೊಂಡು ಉರುಳುತ್ತವೆ. ನಾವು ರಸ್ತೆಯ ಮೇಲೆ ಕುಳಿತಿದ್ದಾಗ ಆ ಸದ್ದು ಅಷ್ಟು ದೂರಕ್ಕೂ ಕೇಳಿಸುತ್ತಿತ್ತು.