ಬೇಸಿಗೆ ರಜೆಯಲ್ಲಿ ಗಣಿತ: ಎಲ್ಲಿಗೆ ಅರ್ಜಿ ಹಾಕಲಿ?

ಪ್ರಶ್ನೆ: ಸರ್, ನಾನು ಹಾಸನದ ಹತ್ತಿರ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಗಣಿತ ಅಂದ್ರೆ ತುಂಬಾ ಇಷ್ಟ. ರಜೆಯಲ್ಲಿ ರಿಸರ್ಚ್ ಇಂಟರ್ನ್‌ಶಿಪ್ ಮಾಡುವ ಆಸೆ. ಅದೆಲ್ಲ ಐಐಟಿ ಹುಡುಗರಿಗೆ ಮಾತ್ರ ಅಂತಾರೆ ಗೆಳೆಯರು. ಪದವಿ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲಿ ನಡೆಯುವ ಸಂಶೋಧನಾ ಕಾರ್ಯಕ್ರಮ ಆರ್‌ಇಯುಗೆ ಅರ್ಜಿ ಹಾಕಬಹುದಾ?

ಉತ್ತರ: ಮೊದಲು ಅಮೆರಿಕದ ಮಾತು ಮುಗಿಸೋಣ. ಅಲ್ಲಿನ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ಆರ್‌ಇಯುಗಳಿಗೆ ಕೊಡುವ ಹಣ ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅದನ್ನು ಬಿಟ್ಟುಬಿಡಿ.

ಗೆಳೆಯರ ಮಾತನ್ನೂ ನಂಬಬೇಡಿ. ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೇನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್). ಪ್ರೊ. ಎಸ್. ಕುಮರೇಶನ್ 1993ರಲ್ಲಿ ಶುರು ಮಾಡಿದ ಶಿಬಿರ ಇದು. ಬೇಸಿಗೆಯಲ್ಲಿ ನಾಲ್ಕು ವಾರ, ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ. ಎರಡನೇ ವರ್ಷದವರಿಗೆ ಅಂತಲೇ 'ಓ' ಲೆವೆಲ್ ಇದೆ. ಹೆಸರಲ್ಲಿ ರಿಸರ್ಚ್ ಇಲ್ಲ ಅಂತ ಮೂಗು ಮುರಿಯಬೇಡಿ. ಅಲ್ಲಿ ನೋಟ್ಸ್ ಬರೆಸುವುದಿಲ್ಲ, ಮೇಷ್ಟ್ರು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ, ನೀವು ತಪ್ಪೋ ಸರಿಯೋ ಉತ್ತರ ಹೇಳುತ್ತಾ, ಯಾಕೆ ಅಂತ ವಿವರಿಸುತ್ತಾ, ಕೊನೆಗೆ ಥಿಯರಂನ ಸಾಧನೆಯನ್ನು (ಪ್ರೂಫ್) ನೀವೇ ಕಟ್ಟಬೇಕು. ಥಿಯರಂ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಅಭ್ಯಾಸವಾದವರಿಗೆ ಇದಕ್ಕಿಂತ ಒಳ್ಳೆ ಶುರು ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ವಿಜ್ಞಾನ ಅಕಾಡೆಮಿಗಳ ಸಮ್ಮರ್ ರಿಸರ್ಚ್ ಫೆಲೋಶಿಪ್. ಬೆಂಗಳೂರು, ದೆಹಲಿ, ಪ್ರಯಾಗ್‌ರಾಜ್‌ನ (ಹಿಂದಿನ ಅಲಹಾಬಾದ್) ಮೂರು ಅಕಾಡೆಮಿಗಳು ಸೇರಿ ನಡೆಸುತ್ತವೆ. ಎರಡು ತಿಂಗಳು ಒಬ್ಬ ಗಣಿತಜ್ಞರ ಜೊತೆ ಕೆಲಸ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಮುಗಿದಿರುತ್ತದೆ, ಎಷ್ಟೋ ಮಕ್ಕಳು ಏಪ್ರಿಲ್‌ನಲ್ಲಿ ಕೇಳಿಕೊಂಡು ಬರುತ್ತಾರೆ! ಗಣಿತದಲ್ಲಿ ಎರಡು ತಿಂಗಳಿಗೆ ಹೊಸ ಫಲಿತಾಂಶ ಬರುವುದು ಅಪರೂಪ. ಸಾಮಾನ್ಯವಾಗಿ ಒಂದು ಪುಸ್ತಕದ ಕೆಲವು ಅಧ್ಯಾಯ ಆಳವಾಗಿ ಓದಿ, ಬೋರ್ಡ್ ಮೇಲೆ ವಿವರಿಸಿ, ವರದಿ ಬರೆಯುತ್ತೀರಿ. ಸಂಶೋಧನೆಯ ದಾರಿ ಶುರುವಾಗುವುದೇ ಹಾಗೆ.

ಇನ್ನು ಅರ್ಜಿ. 'ಚಿಕ್ಕಂದಿನಿಂದ ಗಣಿತದಲ್ಲಿ ಆಸಕ್ತಿ' ಅಂತ ಸುಮ್ನೆ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ತಲೆ ಕೆಡಿಸಿಕೊಂಡ ಒಂದು ಲೆಕ್ಕ ಬರೆಯಿರಿ. ಉದಾಹರಣೆಗೆ, 4ರಿಂದ ಭಾಗಿಸಿದಾಗ 3 ಶೇಷ ಉಳಿಯುವ ಅವಿಭಾಜ್ಯ ಸಂಖ್ಯೆಗಳು (3, 7, 11...) ಮುಗಿಯುವುದೇ ಇಲ್ಲ. ಗೊತ್ತಿರುವವನ್ನೆಲ್ಲ ಗುಣಿಸಿ, 4ರಿಂದಲೂ ಗುಣಿಸಿ 1 ಕಳೆದರೆ, ಬಂದ ಸಂಖ್ಯೆಗೆ ಅಂಥದ್ದೇ ಹೊಸ ಅಪವರ್ತನ ಇರಲೇಬೇಕು. ಯಾಕಂದ್ರೆ 1 ಶೇಷ ಉಳಿಯುವವನ್ನು ಎಷ್ಟು ಗುಣಿಸಿದರೂ ಶೇಷ 1 ಆಗಿಯೇ ಉಳಿಯುತ್ತದೆ, ಆದರೆ ನಮಗೆ ಬಂದ ಸಂಖ್ಯೆಯ ಶೇಷ 3. ಇದೇ ಉಪಾಯ 1 ಶೇಷ ಉಳಿಯುವ 5, 13, 17ರ ಗುಂಪಿಗೆ ನಡೆಯುವುದಿಲ್ಲ. 3 ಮತ್ತು 7ನ್ನು ಗುಣಿಸಿದರೆ 21, ಅದರ ಶೇಷ 1! ಇಲ್ಲಿ ಎಡವಿದೆ, ಆಮೇಲೆ ವರ್ಗಕ್ಕೆ 1 ಕೂಡಿಸಿ ನೋಡಿದೆ ಅಂತ ನಾಲ್ಕು ಸಾಲು ಬರೆದರೆ, ಓದುವ ಗಣಿತಜ್ಞರಿಗೆ ನೀವು ಹೇಗೆ ಯೋಚಿಸುತ್ತೀರಿ ಅಂತ ಗೊತ್ತಾಗುತ್ತದೆ. ಈ ಲೆಕ್ಕವನ್ನೇ ನಕಲು ಮಾಡಬೇಡಿ, ನಿಮ್ಮದನ್ನು ಹುಡುಕಿ.

ಶಿಫಾರಸು ಪತ್ರಕ್ಕೆ ದೊಡ್ಡ ಹೆಸರು ಬೇಕಿಲ್ಲ. ನಿಮ್ಮನ್ನು ಚೆನ್ನಾಗಿ ಬಲ್ಲ ಕಾಲೇಜಿನ ಮೇಷ್ಟ್ರೇ ಸಾಕು. ಈಗಲೇ ಹೋಗಿ ಅವರನ್ನು ಕಾಣಿ, ನೀವು ಬಿಡಿಸಿದ ಲೆಕ್ಕಗಳ ನೋಟ್‌ಬುಕ್ ತೋರಿಸಿ, ಕೊನೆ ದಿನಾಂಕ ಬರೆದುಕೊಟ್ಟು ಬನ್ನಿ.