ಕ್ಯಾರೆಟ್ ಕೇಕ್ ತರಕಾರಿ ಲೆಕ್ಕಕ್ಕೆ ಬರುತ್ತದಾ?

ಓದುಗರ ಪತ್ರ: ನನ್ನ ಮಗ ತರಕಾರಿ ಮುಟ್ಟುವುದಿಲ್ಲ. ಬೇಕರಿಯ ಕ್ಯಾರೆಟ್ ಕೇಕ್ ಆದರೆ ಎರಡು ಪೀಸ್ ತಿನ್ನುತ್ತಾನೆ. ಆ ನೆಪದಲ್ಲಾದರೂ ತರಕಾರಿ ಹೊಟ್ಟೆಗೆ ಹೋಯಿತು ಅಲ್ವಾ? ಅತ್ತೆಗೆ ಶುಗರ್ ಇದೆ. ಬೆಲ್ಲ, ಗೋಧಿ ಹಿಟ್ಟು ಹಾಕಿ ಮನೆಯಲ್ಲೇ ಮಾಡಿದರೆ ಅವರಿಗೂ ಕೊಡಬಹುದಾ?
– ಒಬ್ಬ ಓದುಗರು, ಹಾಸನ

ಸಂಪಾದಕರ ಉತ್ತರ: ಹೋಯಿತು, ಆದರೆ ಎಷ್ಟು ಅಂತ ಕೇಳಿ. ಸಾಮಾನ್ಯವಾಗಿ ಮನೆಯಲ್ಲಿ ಮಾಡುವ ಅಳತೆ ಹೀಗಿರುತ್ತದೆ: ಮೈದಾ 250 ಗ್ರಾಂ, ಸಕ್ಕರೆ 300 ಗ್ರಾಂ, ಎಣ್ಣೆ ಒಂದು ಕಪ್, ನಾಲ್ಕು ಮೊಟ್ಟೆ, ಕ್ಯಾರೆಟ್ ತುರಿ 300 ಗ್ರಾಂ. ಇದನ್ನು 12 ಪೀಸ್ ಮಾಡಿದರೆ ಒಂದರಲ್ಲಿ ಕ್ಯಾರೆಟ್ 25 ಗ್ರಾಂ, ಸಕ್ಕರೆಯೂ 25 ಗ್ರಾಂ. ಎಣ್ಣೆ ಸುಮಾರು ನಾಲ್ಕು ಟೀ ಚಮಚ. ಪೀಸಿಗೆ 350 ಕ್ಯಾಲೊರಿ ದಾಟುತ್ತದೆ, ಅದರಲ್ಲಿ ಕ್ಯಾರೆಟ್ಟಿನ ಪಾಲು ಬರೀ ಹತ್ತು. ಕ್ಯಾರೆಟ್ಟಿನಿಂದ ಸಿಗುವ ನಾರು ಒಂದು ಗ್ರಾಂ ಆಸುಪಾಸು, ಅಷ್ಟೇ.

ಇನ್ನು ಮೇಲಿನ ಬಿಳಿ ಕ್ರೀಮ್. ಕ್ರೀಮ್ ಚೀಸ್, ಬೆಣ್ಣೆ, ಪುಡಿ ಸಕ್ಕರೆ ಸೇರಿಸಿ ಧಾರಾಳವಾಗಿ ಬಳಿದರೆ ಒಳಗಿರುವಷ್ಟೇ ಸಕ್ಕರೆ ಮೇಲೂ ಕೂರುತ್ತದೆ. ದೊಡ್ಡವರಿಗೇ ದಿನಕ್ಕೆ 50 ಗ್ರಾಂ ಒಳಗಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಮಗ ಎರಡು ಪೀಸಿನಲ್ಲಿ ಅದನ್ನು ಯಾವಾಗಲೋ ದಾಟಿದ್ದಾನೆ.

ಒಂದು ತಮಾಷೆ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆ ರೇಷನ್. ಒಬ್ಬರಿಗೆ ವಾರಕ್ಕೆ ಸುಮಾರು 225 ಗ್ರಾಂ. ಸಕ್ಕರೆ ಸಾಲದೆ ಜನ ಸಿಹಿತಿಂಡಿಗೆ ಕ್ಯಾರೆಟ್ ತುರಿದು ಹಾಕಿದರು. ಈಗ ಒಂದೇ ಕೇಕಿಗೆ ಅದಕ್ಕಿಂತ ಜಾಸ್ತಿ ಸಕ್ಕರೆ ಸುರಿಯುತ್ತೇವೆ! ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಅನ್ನೋ ಮಾತಿಗೆ ಗಾಳಿ ಹಾಕಿದ್ದೂ ಆಗಿನ ಬ್ರಿಟನ್ ಸರ್ಕಾರವೇ. ವಿಟಮಿನ್ ಎ ಕೊರತೆ ಇದ್ದವರಿಗೆ ಅದು ನಿಜ, ಉಳಿದವರ ದೃಷ್ಟಿಯೇನೂ ಜೋರಾಗುವುದಿಲ್ಲ.

ಹಾಗಂತ ಒಳ್ಳೆಯದೇ ಇಲ್ಲ ಅಂತಲ್ಲ. ಕ್ಯಾರೆಟ್ಟಿನ ಬೀಟಾ ಕೆರೊಟಿನ್ ಎಣ್ಣೆ ಜೊತೆ ಬೆಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮೊಟ್ಟೆಯಲ್ಲಿ ಪ್ರೋಟೀನ್ ಇದೆ, ವಾಲ್‌ನಟ್ ಹಾಕಿದರೆ ಒಳ್ಳೆಯ ಕೊಬ್ಬೂ ಸಿಗುತ್ತದೆ. ಆದರೆ ಒಗ್ಗರಣೆ ಹಾಕಿದ ಕ್ಯಾರೆಟ್ ಪಲ್ಯಕ್ಕೂ ಎಣ್ಣೆ ಬಿದ್ದಿರುತ್ತದಲ್ಲ, ಒಂದೇ ಚಮಚದಲ್ಲಿ ಆ ಕೆಲಸ ಮುಗಿಯುತ್ತದೆ. ಹುಡುಗನಿಗೆ ಪಲ್ಯ ಬೇಡವಾದರೆ ತುರಿಯನ್ನು ಚಪಾತಿ ಹಿಟ್ಟಿಗೋ ದೋಸೆ ಹಿಟ್ಟಿಗೋ ಸೇರಿಸಿ.

ಅತ್ತೆಯವರ ವಿಷಯ: ಬೆಲ್ಲವೂ ಸಕ್ಕರೆಯೇ, ರಕ್ತದಲ್ಲಿ ಏರುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಗೋಧಿ ಹಿಟ್ಟಿನಿಂದ ನಾರು ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೇ. ಕ್ರೀಮ್ ಬಿಡಿ, ಸಿಹಿಯಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ, ಚಕ್ಕೆ ಪುಡಿ ಹಾಕಿ. ಕ್ಯಾರೆಟ್ಟಿನಲ್ಲೇ ನೀರಿನಂಶ ಇರುವುದರಿಂದ ಕೇಕ್ ಒಣಗುವುದಿಲ್ಲ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಅವರಿಗೂ ಒಂದು ತೆಳು ತುಂಡು ಕೊಡಿ, ಅವತ್ತು ಅನ್ನ ಸ್ವಲ್ಪ ಕಡಿಮೆ ಇರಲಿ. ದಿನಾ ಬೇಡ.

ಅಂಗಡಿಯ ಪ್ಯಾಕೆಟ್ ಕೇಕ್ ತರುವುದಾದರೆ ಹಿಂದಿನ ಪಟ್ಟಿ ಓದಿ. ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರಬೇಕು ಅನ್ನೋದು ನಿಯಮ. ಮೈದಾ, ಸಕ್ಕರೆ, ಎಣ್ಣೆ ಎಲ್ಲ ಆದ ಮೇಲೆ ಎಲ್ಲೋ ಕೆಳಗೆ ಕ್ಯಾರೆಟ್ ಕಂಡರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಸುಮ್ನೆ ಪ್ಲೇನ್ ಕೇಕ್ ತನ್ನಿ.